ಚಾರ್ಲ್ಸ್‌ಟನ್ನಿನ ಊಟದ ಮನೆಗಳು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮತ್ತು ನಮ್ಮ ಬಂಧುವರ್ಗದಲ್ಲಿ ಒಬ್ಬರು ಈಚೆಗೆ ನನಗೆ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ರಜೆಯಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರಕ್ಕೆ ಹೋಗುವವರಿದ್ದೇವೆ, ಅಲ್ಲಿ ಎಲ್ಲಿ ಊಟ ಮಾಡಬೇಕು ಎಂದು. ಮಗಳ ಮನೆಯಲ್ಲಿದ್ದಾಗ, ೨೦೦೯ರಲ್ಲೊಮ್ಮೆ ಮತ್ತು ೨೦೧೮ರಲ್ಲೊಮ್ಮೆ, ನಾನು ಆ ಊರನ್ನು ಕಂಡುಬಂದದ್ದು ಅವರಿಗೆ ನೆನಪಿದೆ. ಇತಿಹಾಸದ ಮೇಷ್ಟರನ್ನು ಊಟದ ವಿಷಯ ಕೇಳಿದರೆ ಉತ್ತರ ೧೬೭೦ರಿಂದ ಆರಂಭವಾಗುತ್ತದೆ ಎಂಬುದು ಮಾತ್ರ ಮರೆತಂತಿದೆ.

ಆ ವರ್ಷ ಇಂಗ್ಲಿಷರು ಅಲ್ಲಿ ವಸಾಹತು ಹೂಡಿದರು. ಹತ್ತು ವರ್ಷಗಳ ಬಳಿಕ ಊರು ಈಗಿರುವ ಜಾಗಕ್ಕೆ, ಆಶ್ಲಿ ಮತ್ತು ಕೂಪರ್ ನದಿಗಳ ನಡುವೆ ನಾಲಿಗೆಯಂತೆ ಚಾಚಿಕೊಂಡಿರುವ ನೆಲಕ್ಕೆ, ಸ್ಥಳಾಂತರಗೊಂಡಿತು. ಈ ನಾಲಿಗೆಯ ತುದಿಯಲ್ಲಿ, ಬ್ರಾಡ್ ಸ್ಟ್ರೀಟ್ ಮತ್ತು ಕ್ವೀನ್ ಸ್ಟ್ರೀಟುಗಳ ಸುತ್ತಮುತ್ತ, ಬಿಳಿಯ ಮೇಜುಬಟ್ಟೆಯ, ಮುಂಗಡವಾಗಿ ಜಾಗ ಕಾದಿರಿಸಬೇಕಾದ ಭೋಜನಗೃಹಗಳಿವೆ. ಉತ್ತರಕ್ಕೆ, ಗೋದಾಮುಗಳೂ ರೈಲುಹಳಿಗಳೂ ಇರುವ ಕಡೆ, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಸಣ್ಣ ಊಟದ ಮನೆಗಳು. ಪ್ರವಾಸಿ ಪುಸ್ತಕಗಳು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಆದರೆ ಎರಡರ ಒಲೆಯ ಮೇಲಿರುವ ಪಾತ್ರೆ ಒಂದೇ. ಆ ಪಾತ್ರೆಯನ್ನು ಇಟ್ಟವರು ಯಾರು, ಬಡಿಸಿದ ಮೇಲೆ ಕುಳಿತು ಉಣ್ಣುವ ಅವಕಾಶ ಯಾರಿಗಿತ್ತು ಎಂಬುದನ್ನು ತಿಳಿಯದೆ ಈ ಊರಿನಲ್ಲಿ ಊಟದ ಮನೆಯನ್ನು ಆರಿಸುವುದು ನನಗಂತೂ ಸಾಧ್ಯವಾಗಲಿಲ್ಲ.

ಊರಿನ ಮೊದಲ ಸಂಪತ್ತಿನ ಬಹುಪಾಲು ಬಂದದ್ದು ಅಕ್ಕಿಯಿಂದ. ಅಮೆರಿಕದ ದಕ್ಷಿಣವೆಂದರೆ ಹತ್ತಿ ಎಂದು ನಾನೇ ನಿಮಗೆ ಪಾಠ ಹೇಳಿರಬಹುದು. ಹತ್ತಿಯ ದೊಡ್ಡ ಕಾಲ ಬಂದದ್ದು ಆಮೇಲೆ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ಭತ್ತ ಅಲ್ಲಿ ಬೇರೂರಿತು. ಮಡಗಾಸ್ಕರಿನ ಕಡೆಯಿಂದ ಬಂದ ಹಡಗಿನ ಕಪ್ತಾನನೊಬ್ಬ ಒಂದು ಚೀಲ ಬಿತ್ತನೆಯ ಭತ್ತ ಕೊಟ್ಟು ಹೋದನೆಂಬ ಕತೆಯನ್ನು ಅಲ್ಲಿನವರು ಬಹಳ ಇಷ್ಟಪಟ್ಟು ಹೇಳುತ್ತಾರೆ. ಬೀಜವನ್ನು ಯಾರೇ ಕೊಟ್ಟಿರಲಿ, ಇಂಗ್ಲೆಂಡಿನಿಂದ ಬಂದ ಜಮೀನುದಾರ ಭತ್ತದ ಗದ್ದೆಯನ್ನು ಕಂಡವನಲ್ಲ. ಕಂಡಿದ್ದವರು ಪಶ್ಚಿಮ ಆಫ್ರಿಕದ ಸೆನೆಗಾಂಬಿಯ, ಸಿಯೆರಾ ಲಿಯೋನ್ ಮುಂತಾದ ಭತ್ತದ ಸೀಮೆಗಳಿಂದ ಸಂಕೋಲೆ ತೊಡಿಸಿ ತಂದ ಜನ. ಕೃಷಿಯ ಜ್ಞಾನದಲ್ಲಿ ಅವರ ಪಾಲೆಷ್ಟು ಎಂಬುದರ ಬಗ್ಗೆ, ಜುಡಿತ್ ಕಾರ್ನಿಯವರ 'ಬ್ಲ್ಯಾಕ್ ರೈಸ್' ಎಂಬ ಗ್ರಂಥ ೨೦೦೧ರಲ್ಲಿ ಬಂದ ಮೇಲೆ, ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆದಿದೆ. ಭತ್ತವನ್ನು ಕುಟ್ಟಿ ಕೇರಿದವರು ಯಾರೆಂಬುದರಲ್ಲಿ ಮಾತ್ರ ವಾದವಿಲ್ಲ. ಮರದ ಕಾಂಡವನ್ನು ಕೊರೆದ ಒರಳು, ಎರಡೂ ತುದಿ ದಪ್ಪನಾದ ಒನಕೆ, ಜೊಂಡುಹುಲ್ಲನ್ನು ಸುರುಳಿ ಸುತ್ತಿ ಹೊಲಿದ ಅಗಲವಾದ ಮೊರ: ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅವುಗಳನ್ನು ನೋಡಿದಾಗ ನಮ್ಮಾಕೆ, 'ಇದನ್ನು ನೋಡಲು ಇಷ್ಟು ದೂರ ಬರಬೇಕಾಗಿತ್ತೆ?' ಎಂದು ಕೇಳಿದರು. ಅದೇ ಹೆಣಿಗೆಯ ಬುಟ್ಟಿಗಳನ್ನು ಅದೇ ಜನರ ಮೊಮ್ಮಕ್ಕಳು ಸಿಟಿ ಮಾರ್ಕೆಟ್ಟಿನಲ್ಲಿ ಕುಳಿತು ಹೆಣೆದು ಮಾರುತ್ತಾರೆ. ದೊಡ್ಡ ಬುಟ್ಟಿಗೆ ನೂರಾರು ಡಾಲರು.

ಗದ್ದೆಗೆ ನೀರು ಹಾಯಿಸುವ ಉಪಾಯವೂ ನೋಡತಕ್ಕದ್ದು. ಸಮುದ್ರದ ಉಬ್ಬರ ನದಿಯ ಬಾಯಿಗೆ ನುಗ್ಗಿದಾಗ ಮೇಲಿನ ಸಿಹಿನೀರು ಹಿಂದಕ್ಕೊತ್ತಿ ಏರುತ್ತದೆ. ಆ ಹೊತ್ತಿಗೆ ಮರದ ತೂಬನ್ನು ತೆರೆದು ಗದ್ದೆಗೆ ನೀರು ಬಿಟ್ಟುಕೊಳ್ಳುವುದು, ಇಳಿತದ ಹೊತ್ತಿಗೆ ಹೊರಗೆ ಬಿಡುವುದು. ಕುಮಟಾ ಸೀಮೆಯ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಘನಾಶಿನಿಯ ಗಜನಿ ಗದ್ದೆಗಳ ಒಡ್ಡು ಮತ್ತು ತೂಬುಗಳನ್ನು ಅವರು ಕಂಡೇ ಬೆಳೆದವರು. ವ್ಯತ್ಯಾಸವೆಂದರೆ ನಮ್ಮ ಕಗ್ಗದ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ಅವರ 'ಕೆರೊಲಿನಾ ಗೋಲ್ಡ್' ತಾಳುವುದಿಲ್ಲ. ಆದ್ದರಿಂದ ತೂಬು ತೆರೆಯುವವನಿಗೆ ನೀರಿನ ಉಪ್ಪು ತಿಳಿಯಬೇಕಿತ್ತು, ಉಬ್ಬರದ ಗಳಿಗೆ ತಿಳಿಯಬೇಕಿತ್ತು. ಸೊಳ್ಳೆ, ಹಾವು, ಜ್ವರಗಳ ನಡುವೆ ಸೊಂಟದುದ್ದ ಕೆಸರಿನಲ್ಲಿ ನಿಂತು ಸೈಪ್ರಸ್ ಮರಗಳ ಜೌಗುಕಾಡನ್ನು ಕಡಿದು, ಆ ಒಡ್ಡುಗಳನ್ನು ಕಟ್ಟಿದವರೂ ಗುಲಾಮರೇ. ಹೊಟ್ಟಿನ ಬಂಗಾರದ ಬಣ್ಣದಿಂದಾಗಿ ಭತ್ತಕ್ಕೆ ಆ ಹೆಸರು ಬಂತು. ಬಂಗಾರ ಯಾರ ಮನೆಗೆ ಹೋಯಿತೆಂಬುದನ್ನು ಬ್ಯಾಟರಿ ಎಂದು ಕರೆಯುವ ಕಡಲದಂಡೆಯ ಮಹಲುಗಳನ್ನು ನೋಡಿದರೆ ತಿಳಿಯುತ್ತದೆ.

ಅನ್ನದೊಂದಿಗೆ ಮಾತುಗಳೂ ಬಂದವು. ಈ ಕರಾವಳಿಯ ಕರಿಯ ಜನರ ಭಾಷೆಗೆ ಮತ್ತು ಸಂಸ್ಕೃತಿಗೆ ಗಲ್ಲಾ ಎಂದು ಹೆಸರು. ಅಲ್ಲಿ ಬೆಂಡೆಕಾಯಿಯ ಸೂಪು ಉಂಟು. ಅಲಸಂದೆ ಹಾಕಿ ಬೇಯಿಸಿದ ಅನ್ನವನ್ನು 'ಹಾಪಿನ್ ಜಾನ್' ಎಂದು ಕರೆದು ಹೊಸ ವರ್ಷದ ದಿನ ತಪ್ಪದೆ ಉಣ್ಣುತ್ತಾರೆ. ಟೊಮೇಟೊ ಹಾಕಿದ ಕೆಂಪು ಅನ್ನ ಪಶ್ಚಿಮ ಆಫ್ರಿಕದ ಜೊಲೋಫ್ ಅನ್ನದ ನೇರ ಬಂಧು. 'ಬೆನ್ನೆ' ಎಂಬ ಹೆಸರನ್ನು ಕೇಳಿ ನಾನು ಬೆಣ್ಣೆ ಬಿಸ್ಕತ್ತೆಂದೇ ಭಾವಿಸಿ ಕೈಚಾಚಿದೆ. ಅದು ಎಳ್ಳು. ಆಫ್ರಿಕದ ಭಾಷೆಗಳಿಂದ ಬಂದ ಆ ಹೆಸರು ಅಮೆರಿಕದ ಬೇರೆ ಭಾಗಗಳಲ್ಲಿ ಯಾರಿಗೂ ಅಷ್ಟಾಗಿ ತಿಳಿಯದು.

ಇನ್ನು ಊಟದ ಮನೆಗಳಿಗೆ ಬರೋಣ. ೧೭೯೧ರ ಮೇ ತಿಂಗಳಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಈ ಊರಿಗೆ ಬಂದಾಗ ಮೆಕ್ರೇಡಿಯ ಪಾನಗೃಹದ ಉದ್ದನೆಯ ಕೋಣೆಯಲ್ಲಿ ಔತಣ ನಡೆಯಿತು. ಕೋಣೆಯನ್ನು ಇಂದಿಗೂ ತೋರಿಸುತ್ತಾರೆ. ಆ ಕಟ್ಟಡದಲ್ಲಿ ಅದೇ ಹೆಸರಿನಿಂದ ನಡೆಯುತ್ತಿದ್ದ ಪ್ರಸಿದ್ಧ ಭೋಜನಗೃಹ ೨೦೨೦ರಲ್ಲಿ ಮುಚ್ಚಿತು. ವಾಷಿಂಗ್ಟನ್ ಕುಳಿತ ಜಾಗ ತಿಳಿದಿದೆ, ಅಡುಗೆ ಮಾಡಿದವರ ಹೆಸರನ್ನು ಫಲಕದಲ್ಲಿ ಹುಡುಕಿದರೆ ಸಿಗದು. ಆದರೂ ಕೆಲವು ಹೆಸರುಗಳು ಉಳಿದಿವೆ, ಅವುಗಳ ನಡುವೆ ನಮ್ಮ ಸಂಗೀತದಲ್ಲಿರುವಂಥ ಗುರುಪರಂಪರೆಯೂ ಕಾಣುತ್ತದೆ. ದಾಸ್ಯದಿಂದ ಬಿಡುಗಡೆ ಪಡೆದ ಸ್ಯಾಲಿ ಸೀಮೂರ್ ಎಂಬಾಕೆ ಹದಿನೆಂಟನೆಯ ಶತಮಾನದ ಕೊನೆಗೆ ಊರಿನ ಹೆಸರಾಂತ ಪಾಕಪ್ರವೀಣೆಯಾಗಿದ್ದರು. ಅವರ ಮಗಳು ಎಲೈಜಾ ಸೀಮೂರ್ ಲೀ ಆ ವಿದ್ಯೆಯನ್ನು ಬೆಳೆಸಿ ವಸತಿಗೃಹಗಳನ್ನು ನಡೆಸಿದರು. ಎಲೈಜಾ ಅವರಲ್ಲಿ ಕಲಿತವರು ನ್ಯಾಟ್ ಫುಲ್ಲರ್.

ಫುಲ್ಲರ್ ಅವರ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕು. ೧೮೧೨ರಲ್ಲಿ ಹುಟ್ಟಿದ ಅವರು ಗುಲಾಮರು. ಒಡೆಯ ಗೇಟ್‌ವುಡ್ ಎಂಬ ವ್ಯಾಪಾರಿ. ೧೮೨೦ರಿಂದ ಆ ರಾಜ್ಯದಲ್ಲಿ ಶಾಸನಸಭೆಯ ಅಪ್ಪಣೆಯಿಲ್ಲದೆ ಗುಲಾಮರನ್ನು ಬಿಡುಗಡೆ ಮಾಡುವಂತಿರಲಿಲ್ಲ. ಹೀಗಾಗಿ ಗಳಿಕೆಯಲ್ಲಿ ಒಡೆಯನಿಗೊಂದು ಪಾಲು ಕೊಟ್ಟು ತಾವೇ ವ್ಯಾಪಾರ ಮಾಡುವ ಏರ್ಪಾಡನ್ನು ಫುಲ್ಲರ್ ಮಾಡಿಕೊಂಡರು. ಬೇಟೆಯ ಮಾಂಸದ ಅಂಗಡಿ, ಊರಿನ ದೊಡ್ಡ ಔತಣಗಳ ಹೊಣೆ, ಕೊನೆಗೆ ೧೮೬೦ರಲ್ಲಿ ಚರ್ಚ್ ಸ್ಟ್ರೀಟಿನಲ್ಲಿ 'ಬ್ಯಾಚುಲರ್ಸ್ ರಿಟ್ರೀಟ್' ಎಂಬ ಭೋಜನಗೃಹ. ಆ ವರ್ಷದ ಡಿಸೆಂಬರಿನಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಸಿಡಿದದ್ದು ಇದೇ ಊರಿನ ಸಭೆಯಲ್ಲಿ. ಆ ಗಣ್ಯರು ಅತ್ಯುತ್ತಮ ಊಟಕ್ಕೆ ಹೋಗುತ್ತಿದ್ದ ಮನೆಯ ಯಜಮಾನ ಕಾನೂನಿನ ಕಣ್ಣಿನಲ್ಲಿ ಇನ್ನೊಬ್ಬನ ಆಸ್ತಿಯಾಗಿದ್ದರು.

೧೮೬೫ರ ಫೆಬ್ರುವರಿಯಲ್ಲಿ ಊರು ಒಕ್ಕೂಟದ ಸೈನ್ಯದ ವಶವಾಯಿತು. ಆ ವಸಂತದಲ್ಲಿ ಫುಲ್ಲರ್ ಒಂದು ಔತಣ ನಡೆಸಿದರು. ಕರಿಯರೂ ಬಿಳಿಯರೂ ಸಮಾನರಾಗಿ ಒಂದೇ ಮೇಜಿಗೆ ಕುಳಿತು ಉಂಡರು, ಲಿಂಕನ್ ಮತ್ತು ಸ್ವಾತಂತ್ರ್ಯದ ಹೆಸರಿನಲ್ಲಿ ಹಾಡಿದರು. ಇದು ನಮಗೆ ತಿಳಿದಿರುವುದು ಊರಿನ ಬಿಳಿಯ ಮಹಿಳೆಯೊಬ್ಬರು ಆ ಕಾಲದಲ್ಲಿ ಬರೆದ ಕಾಗದದಿಂದ. ಮೆಚ್ಚಿ ಬರೆದದ್ದಲ್ಲ, ಅಸಹ್ಯಪಟ್ಟುಕೊಂಡು ಬರೆದದ್ದು. ಒಪ್ಪದವರ ಸಾಕ್ಷ್ಯಕ್ಕೆ ಬೆಲೆ ಹೆಚ್ಚೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಇಂಥ ಉದಾಹರಣೆ ಆಗ ನನ್ನ ಕೈಯಲ್ಲಿರಲಿಲ್ಲ. ಫುಲ್ಲರ್ ೧೮೬೬ರಲ್ಲಿ ತೀರಿಕೊಂಡರು. ನೂರೈವತ್ತು ವರ್ಷಗಳ ಬಳಿಕ, ೨೦೧೫ರ ಏಪ್ರಿಲಿನಲ್ಲಿ, ವಿದ್ವಾಂಸ ಡೇವಿಡ್ ಶೀಲ್ಡ್ಸ್ ಮತ್ತು ಪಾಕಶಾಸ್ತ್ರದ ಅಧ್ಯಾಪಕ ಕೆವಿನ್ ಮಿಚೆಲ್ ಆ ಔತಣವನ್ನು ಮತ್ತೆ ನಡೆಸಿದರು. ಎರಡು ತಿಂಗಳು ಕಳೆದು, ಜೂನ್ ೧೭ರ ರಾತ್ರಿ, ಅದೇ ಊರಿನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಕರಿಯ ಭಕ್ತರು ಅಪರಿಚಿತ ಬಿಳಿಯ ತರುಣನೊಬ್ಬನನ್ನು ಜೊತೆಗೆ ಕೂರಿಸಿಕೊಂಡರು. ಅವನು ಅವರಲ್ಲಿ ಒಂಬತ್ತು ಮಂದಿಯನ್ನು ಗುಂಡಿಟ್ಟು ಕೊಂದ.

ಫುಲ್ಲರ್ ಅವರ ನಂತರದ ಸುಮಾರು ನೂರು ವರ್ಷ ಈ ಕತೆ ಹಿಮ್ಮುಖವಾಗಿ ನಡೆಯಿತು. ಗುಲಾಮಗಿರಿ ಹೋಯಿತು, ಪ್ರತ್ಯೇಕತೆಯ ಕಾನೂನುಗಳು ಬಂದವು. ಚಾರ್ಲ್ಸ್‌ಟನ್ನಿನ ಹೆಮ್ಮೆಯಾದ ಹೆಣ್ಣೇಡಿಯ ಸೂಪನ್ನೇ ನೋಡಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೇಯರ್ ರೆಟ್ ಅವರ ಮನೆಯಲ್ಲಿ ಅಧ್ಯಕ್ಷ ಟಾಫ್ಟ್ ಅವರಿಗೆ ಬಡಿಸುವಾಗ, ಸಾಧಾರಣ ಏಡಿಯ ಸೂಪಿಗೆ ಏಡಿಯ ಮೊಟ್ಟೆಗಳನ್ನೂ ಬೆರೆಸಿ ಇದನ್ನು ಮೊದಲಿಗೆ ಮಾಡಿದವರು ಆ ಮನೆಯ ಕರಿಯ ಅಡುಗೆಯವರಾದ ವಿಲಿಯಂ ಡೀಸ್ ಎಂಬುದು ಊರಿನ ಪರಂಪರಾಗತ ಮಾತು. ಅಲ್ಲಿನ ಹಲವು ದೊಡ್ಡ ಭೋಜನಗೃಹಗಳಲ್ಲಿ ಆ ಸೂಪು ಸಿಗುತ್ತದೆ. ಆದರೆ ಅಂಥ ಭೋಜನಗೃಹಗಳಿಗೆ ಗಿರಾಕಿಯಾಗಿ ಹೋಗಿ ಕುಳಿತುಕೊಳ್ಳುವ ಹಕ್ಕು ಡೀಸ್ ಅವರ ಜನರಿಗೆ ಇರಲಿಲ್ಲ.

೧೯೬೦ರ ಏಪ್ರಿಲ್ ಒಂದರಂದು ಬರ್ಕ್ ಹೈಸ್ಕೂಲಿನ ೨೪ ಮಂದಿ ಕರಿಯ ವಿದ್ಯಾರ್ಥಿಗಳು ಕಿಂಗ್ ಸ್ಟ್ರೀಟಿನ ಕ್ರೆಸ್ ಮಳಿಗೆಯ ಊಟದ ಕಟ್ಟೆಯ ಮುಂದೆ ಹೋಗಿ ಕುಳಿತರು. ಯಾರೂ ಬಡಿಸಲಿಲ್ಲ. ಗಂಟೆಗಟ್ಟಲೆ ಕುಳಿತೇ ಇದ್ದರು, ಪ್ರಾರ್ಥನೆ ಹೇಳಿಕೊಂಡರು, ಕೊನೆಗೆ ಪೊಲೀಸರು ಬಂಧಿಸಿ ಕರೆದೊಯ್ದರು. ಹೈಸ್ಕೂಲಿನ ಮಕ್ಕಳು! ಜೀವನವಿಡೀ ಆ ವಯಸ್ಸಿನವರ ನಡುವೆಯೇ ಕಳೆದ ನನಗೆ, ಕಟ್ಟಡದ ಮುಂದೆ ನಿಂತಾಗ, ಅವರು ಹಿಂದಿನ ರಾತ್ರಿ ಮನೆಯಲ್ಲಿ ಏನು ಹೇಳಿ ಬಂದಿರಬಹುದು ಎಂಬ ಯೋಚನೆಯೇ ಬಿಡಲಿಲ್ಲ. ಸಾರ್ವಜನಿಕ ಊಟದ ಮನೆಗಳಲ್ಲಿ ಭೇದ ಮಾಡಕೂಡದೆಂಬ ರಾಷ್ಟ್ರೀಯ ಕಾನೂನು ಬಂದದ್ದು ೧೯೬೪ರ ಜುಲೈಯಲ್ಲಿ.

ನಮ್ಮ ಸಂವಿಧಾನದ ಹದಿನೈದನೆಯ ವಿಧಿ ಹೋಟೆಲು, ಉಪಾಹಾರಗೃಹಗಳನ್ನು ಹೆಸರಿಸಿಯೇ ಅಲ್ಲಿ ಜಾತಿಭೇದ ಸಲ್ಲದೆಂದು ೧೯೫೦ರಲ್ಲೇ ಸಾರಿತು ಎಂದು ನಾವು ಹೆಮ್ಮೆಪಡಬಹುದು. ಆದರೆ ಪ್ರತ್ಯೇಕ ಪಂಕ್ತಿ, ಹೊರಗಿನ ಜಗಲಿ, ಬೇರೆಯಾಗಿಟ್ಟ ಲೋಟ ಇವೆಲ್ಲ ಆ ವರ್ಷವೇ ಮಾಯವಾಗಲಿಲ್ಲ ಎಂಬುದನ್ನು ನನ್ನ ವಯಸ್ಸಿನವರು ಬಲ್ಲರು. ಚಾರ್ಲ್ಸ್‌ಟನ್ನಿನವರನ್ನು ಎತ್ತರದಲ್ಲಿ ಕುಳಿತು ನೋಡುವ ಹಾಗಿಲ್ಲ.

ಇಂದಿನ ಪ್ರಸಿದ್ಧಿ ಈಚಿನದು. ೧೯೭೭ರಲ್ಲಿ ಸ್ಪೊಲೆಟೊ ಕಲೋತ್ಸವ ಆರಂಭವಾಯಿತು. ಜೋಸೆಫ್ ರೈಲಿ ಎಂಬ ಮೇಯರ್ ನಲವತ್ತು ವರ್ಷ ಅಧಿಕಾರದಲ್ಲಿದ್ದು ಹಳೆಯ ಪೇಟೆಯನ್ನು ಎತ್ತಿ ನಿಲ್ಲಿಸಿದರು. ೧೯೮೯ರ ಹ್ಯೂಗೊ ಚಂಡಮಾರುತದ ನಂತರ ದುರಸ್ತಿಯ ಹಣವೂ ಹರಿದುಬಂತು. ಮರುವರ್ಷ ತೆರೆದ ಮ್ಯಾಗ್ನೋಲಿಯಾಸ್, ಹಳ್ಳಿಯಡುಗೆಯನ್ನು ಬಿಳಿಯ ಮೇಜುಬಟ್ಟೆಯ ಮೇಲೆ ಇಟ್ಟಿತು. ಮೆಕ್ಕೆಜೋಳದ ನುಚ್ಚಿನ ಗಂಜಿಗೆ ಸಿಗಡಿ ಹಾಕಿದ ಬೆಸ್ತರ ಬೆಳಗಿನ ತಿಂಡಿ ದೊಡ್ಡವರ ರಾತ್ರಿಯೂಟವಾಯಿತು. ೧೯೯೬ರಿಂದ ೨೦೧೯ರವರೆಗೆ ನಡೆದ ಹಾಮಿನಿ ಗ್ರಿಲ್, ೨೦೦೩ರ ಫಿಗ್, ೨೦೧೦ರಲ್ಲಿ ಕ್ವೀನ್ ಸ್ಟ್ರೀಟಿನಲ್ಲಿ ತೆರೆದ ಹಸ್ಕ್ ಇವು ರಾಷ್ಟ್ರಕ್ಕೆಲ್ಲ ಹೆಸರಾದವು. ಅಮೆರಿಕದ ದಕ್ಷಿಣದಲ್ಲಿ ಬೆಳೆಯದ ಯಾವ ಪದಾರ್ಥವೂ ಅಡುಗೆಮನೆಯೊಳಗೆ ಬರಕೂಡದೆಂಬುದು ಹಸ್ಕ್‌ನ ಸ್ಥಾಪಕ ಬಾಣಸಿಗ ಶಾನ್ ಬ್ರಾಕ್ ಅವರ ನಿಯಮವಾಗಿತ್ತು. ಮಡಿಯಲ್ಲಿ ನಮ್ಮ ಅಜ್ಜಿಯನ್ನು ಮೀರಿಸಿದವರು. ಈ ಬಾಣಸಿಗರು ಕಪಟಿಗಳಲ್ಲ. ಯಾರಿಂದ ಕಲಿತೆವೆಂದು ಹೇಳುವ ಸೌಜನ್ಯ ಅವರಲ್ಲಿ ಹಲವರಿಗಿದೆ. ಅಳಿದೇಹೋಗಿದ್ದ ಕೆರೊಲಿನಾ ಗೋಲ್ಡ್ ಭತ್ತವೂ ಅವರಿಂದಾಗಿ ಮತ್ತೆ ಅಡುಗೆಮನೆಗೆ ಬಂತು. ೧೯೮೦ರ ದಶಕದಲ್ಲಿ ರಿಚರ್ಡ್ ಶುಲ್ಟ್ಸ್ ಎಂಬ ಕಣ್ಣಿನ ವೈದ್ಯರು ಸರಕಾರಿ ಬೀಜಭಂಡಾರದಿಂದ ತರಿಸಿ ಬಿತ್ತಿದರು. ೧೯೯೮ರಲ್ಲಿ ಗ್ಲೆನ್ ರಾಬರ್ಟ್ಸ್ ಸ್ಥಾಪಿಸಿದ ಆನ್ಸನ್ ಮಿಲ್ಸ್ ಅದನ್ನು ಬಾಣಸಿಗರಿಗೆ ಒದಗಿಸಿತು. ಗುಲಾಮರು ಕುಟ್ಟಿದ ಅಕ್ಕಿ ಈಗ ಶ್ರೀಮಂತರ ಅಕ್ಕಿ, ಸಣ್ಣ ಬಟ್ಟೆಯ ಚೀಲದಲ್ಲಿ ಮಾರುತ್ತಾರೆ.

೨೦೧೮ರಲ್ಲಿ ಅಳಿಯಂದಿರು ನಮ್ಮನ್ನು ಮಾರಿಸನ್ ಡ್ರೈವ್ ಎಂಬಲ್ಲಿನ ಮಾರ್ತಾ ಲೂ ಅವರ ಅಡುಗೆಮನೆಗೆ ಕರೆದೊಯ್ದರು. ಹಳೆಯ ಪೆಟ್ರೋಲ್ ಬಂಕಿನ ಪುಟ್ಟ ಕಟ್ಟಡ, ಗುಲಾಬಿ ಬಣ್ಣ. ಮಾರ್ತಾ ಲೂ ಗ್ಯಾಡ್ಸ್‌ಡನ್ ಎಂಬ ಅಜ್ಜಿ ೧೯೮೩ರಿಂದ ಅಲ್ಲಿ ಅಡುಗೆ ಮಾಡುತ್ತಿದ್ದರು. ಕೋಳಿಯನ್ನು ಹೇಳಿದ ಮೇಲೆಯೇ ಕರಿಯುವುದು. ಅವಸರಿಸುವವರಿಗೆ ಅಲ್ಲಿ ಕೆಲಸವಿಲ್ಲ. ನಾನು ಸಸ್ಯಾಹಾರಿ. ಅವರೆಯನ್ನೂ ಸೊಪ್ಪನ್ನೂ ಹಂದಿಮಾಂಸದ ತುಂಡು ಹಾಕಿಯೇ ಬೇಯಿಸುವುದು ಆ ಸೀಮೆಯ ಪದ್ಧತಿಯಾದ್ದರಿಂದ ನನ್ನ ಪಾಲಿಗೆ ಬಂದದ್ದು ಮೆಕ್ಕೆಜೋಳದ ರೊಟ್ಟಿ ಮತ್ತು ಗಿಣ್ಣು ಹಾಕಿದ ಮ್ಯಾಕರೋನಿ. ಅಷ್ಟೇ ಆದರೂ ಹಿಂದಿನ ರಾತ್ರಿಯ ದುಬಾರಿ ಊಟಕ್ಕಿಂತ ಅದೇ ನನಗೆ ಹಿಡಿಸಿತು. ಮಾಂಸಾಹಾರದ ವಿಷಯದಲ್ಲಿ ನನ್ನ ಮಾತನ್ನು ನಂಬಬೇಡಿ, ಅಳಿಯಂದಿರನ್ನು ಕೇಳಿ. ಅವರು ಎರಡನೆಯ ಸಲವೂ ತರಿಸಿಕೊಂಡರು.

ಸುತ್ತಲಿನ ಜಾಗದ ಬೆಲೆ ಏರಿತ್ತು. ನಿವೇಶನ ಮಾರಾಟವಾಗಿ ೨೦೨೦ರಲ್ಲಿ ಆ ಮನೆ ಮುಚ್ಚಿತು. ಮರುವರ್ಷ ಮಾರ್ತಾ ಲೂ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೯೮೦ರಲ್ಲಿ ಊರಿನ ಜನಸಂಖ್ಯೆಯ ಅರ್ಧದ ಸಮೀಪವಿದ್ದ ಕರಿಯರ ಪಾಲು ೨೦೨೦ರ ಹೊತ್ತಿಗೆ ಸುಮಾರು ಐದರಲ್ಲಿ ಒಂದಕ್ಕೆ ಇಳಿದಿದೆ. ಊರಿನ ಗಡಿ ಹಿಗ್ಗಿದ್ದು ಇದಕ್ಕೊಂದು ಕಾರಣ, ಬಾಡಿಗೆ ಏರಿದ್ದು ಇನ್ನೊಂದು. ಬಿಳಿಯ ಮೇಜುಬಟ್ಟೆಯ ಮನೆಗಳು ಎಷ್ಟು ಹೆಸರು ಮಾಡುತ್ತವೆಯೋ ಜಾಗದ ಬೆಲೆ ಅಷ್ಟು ಏರುತ್ತದೆ, ಆ ರುಚಿಯನ್ನು ಕಾಪಾಡಿಕೊಂಡು ಬಂದ ಸಣ್ಣ ಮನೆಗಳು ಅಷ್ಟು ಬೇಗ ಬಾಗಿಲು ಹಾಕುತ್ತವೆ. ೨೦೨೫ರಲ್ಲಿ ಮಿಶೆಲಿನ್ ಕೈಪಿಡಿಯ ನಕ್ಷತ್ರಗಳೂ ಈ ಊರಿಗೆ ಬಂದಿವೆ.

೨೦೨೩ರ ಜೂನಿನಲ್ಲಿ ಕೂಪರ್ ನದಿಯ ದಂಡೆಯಲ್ಲಿ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ ತೆರೆಯಿತು. ಗುಲಾಮರ ಹಡಗುಗಳು ಬಂದು ನಿಲ್ಲುತ್ತಿದ್ದ ಧಕ್ಕೆಯ ಮೇಲೆಯೇ ಅದನ್ನು ಕಟ್ಟಿದ್ದಾರೆ. ಧಕ್ಕೆಯ ಹೆಸರು ಗ್ಯಾಡ್ಸ್‌ಡನ್ಸ್ ವಾರ್ಫ್. ಆ ಅಜ್ಜಿಯ ಅಡ್ಡಹೆಸರೂ ಅದೇ ಎಂಬುದು ನನಗೆ ಊರಿಗೆ ಮರಳಿದ ಎಷ್ಟೋ ಕಾಲದ ಮೇಲೆ ಹೊಳೆಯಿತು.

ಹೋಗುವವರು ಬೆಳಿಗ್ಗೆ ಮೊದಲು ಆ ಸಂಗ್ರಹಾಲಯವನ್ನು ನೋಡಿ. ಮಧ್ಯಾಹ್ನಕ್ಕೆ ನಾರ್ತ್ ಚಾರ್ಲ್ಸ್‌ಟನ್ನಿನ ಬರ್ತಾಸ್ ಕಿಚನ್ ಇದೆಯೇ ಎಂದು ವಿಚಾರಿಸಿಕೊಳ್ಳಿ. ಅಲ್ಬರ್ತಾ ಗ್ರಾಂಟ್ ೧೯೭೯ರಲ್ಲಿ ಆರಂಭಿಸಿದ ಅದನ್ನು ಅವರ ಹೆಣ್ಣುಮಕ್ಕಳು ಮುಂದುವರಿಸಿದರು. ೨೦೧೭ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಅದನ್ನು ಅಮೆರಿಕದ ಅಭಿಜಾತ ಊಟದ ಮನೆಗಳಲ್ಲಿ ಒಂದೆಂದು ಗೌರವಿಸಿತು. ಬೆಂಡೆಕಾಯಿ ಸೂಪಿಗೆ ಅಲ್ಲಿ ಹೆಸರು, ಆದರೆ ಅದರಲ್ಲೂ ಮಾಂಸವಿರುತ್ತದೆ. ಸಿಂಪಿ ತಿನ್ನುವವರು ಸಂಜೆ ಫಾಲಿ ರಸ್ತೆಯ ಕಡೆ ಬೋವೆನ್ಸ್ ಐಲೆಂಡಿಗೆ ಹೋಗಬಹುದು. ೧೯೪೬ರಿಂದಿರುವ ಮನೆ, ೨೦೦೬ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದದ್ದು. ಕಾದ ತಗಡಿನ ಮೇಲೆ ಸಿಂಪಿಗಳನ್ನು ಸುರಿದು, ಒದ್ದೆ ಗೋಣಿ ಮುಚ್ಚಿ ಬೇಯಿಸಿ, ಸಲಿಕೆಯಿಂದ ಮೇಜಿನ ಮೇಲೆ ಹಾಕುತ್ತಾರೆ. ದೊಡ್ಡ ಭೋಜನಗೃಹಗಳಿಗೂ ಹೋಗಿ, ಬೇಡವೆನ್ನುವುದಿಲ್ಲ. ಅಕ್ಕಿ ಯಾವ ತಳಿಯದೆಂದು ಬಡಿಸುವವರನ್ನು ಕೇಳಿದರೆ ಸಂತೋಷದಿಂದ ವಿವರಿಸುತ್ತಾರೆ. ಬರುವಾಗ ಸಿಟಿ ಮಾರ್ಕೆಟ್ಟಿನಲ್ಲಿ ಬೆನ್ನೆ ಬಿಸ್ಕತ್ತಿನ ಒಂದು ಪೊಟ್ಟಣ ತನ್ನಿ. ತೆಳ್ಳಗೆ, ಗರಿಗರಿಯಾಗಿ ನಮ್ಮ ಎಳ್ಳುಚಿಕ್ಕಿಯ ನೆನಪು ತರುತ್ತದೆ, ಆದರೆ ಮೊಟ್ಟೆ ಹಾಕಿರುತ್ತಾರೆ, ಮನೆಯ ಹಿರಿಯರಿಗೆ ಕೊಡುವ ಮುನ್ನ ಹೇಳಿಬಿಡಿ.